ಯಾರೂ ಬಡಿಸದ ಊಟ

ಜೂನ್ 12, 2024, ಬುಧವಾರ

ಕೈಯಲ್ಲಿ ತಾಟು ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ನಾನು ಶಾಲೆಯ ಮಕ್ಕಳಿಗೆ ಕಲಿಸಿದ್ದೆನೇ ಹೊರತು ನಾನೇ ಎಂದೂ ನಿಂತಿರಲಿಲ್ಲ. ಇವತ್ತು ನಿಂತೆ. ಅದೂ ಕಲಬುರಗಿಯಲ್ಲಿ, ತಲೆಯ ಮೇಲೆ ಸೆರಗು ಹೊದ್ದುಕೊಂಡು, ಅಳಿಯಂದಿರ ಹಿಂದೆ.

ಆದದ್ದು ಹೀಗೆ. ಮಗಳು ಮಲ್ಲಿಕಾಳನ್ನು ಮಕ್ಕಳಾಗುವ ಚಿಕಿತ್ಸೆಗೆ ಹೊಸ ಡಾಕ್ಟರಿಗೆ ತೋರಿಸುವುದಿತ್ತು. ಮೊದಲ ಎರಡು ಸಲದ ಚಿಕಿತ್ಸೆ ಹೈದರಾಬಾದಿನಲ್ಲಿ ಆಯಿತು, ಫಲ ಸಿಗಲಿಲ್ಲ ಎಂಬುದೆಲ್ಲ ನನಗೆ ಆಮೇಲೆ ತಿಳಿಯಿತು. ಈ ಸಲ ನಾನೂ ಬರುತ್ತೇನೆ ಎಂದು ಹಟ ಹಿಡಿದು ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಹೋದೆ. ಡಾಕ್ಟರು ಬಿಡುವಾಗ ಮಧ್ಯಾಹ್ನವಾಗಿತ್ತು. ಹೊಟ್ಟೆ ತಾಳ ಹಾಕುತ್ತಿತ್ತು.

ಮಗಳ ಮನೆ ಅಲ್ಲೇ ಜೇವರ್ಗಿ ಕಾಲೋನಿಯಲ್ಲಿದ್ದರೂ ನಾನು ಅಲ್ಲಿ ಉಣ್ಣುವಂತಿಲ್ಲ. ನಮ್ಮ ತವರಿನ ಪದ್ಧತಿ ಅದು. ಮಗಳಿಗೆ ಕೂಸು ಹುಟ್ಟುವ ತನಕ ಹೆತ್ತವರು ಅವಳ ಮನೆಯಲ್ಲಿ ಅನ್ನ ಮುಟ್ಟಬಾರದು, ನೀರು ಸಹ ಕುಡಿಯಬಾರದು. ಕೂಸು ಬಂದ ಮೇಲೆ ಅದು ಮೊಮ್ಮಗುವಿನ ಮನೆ. ಆಮೇಲೆ ಕುಂತು ಉಂಡರೂ ನಡೆಯುತ್ತದೆ, ತಿಂಗಳುಗಟ್ಟಲೆ ಠಿಕಾಣಿ ಹೂಡಿದರೂ ನಡೆಯುತ್ತದೆ. ನಮ್ಮವ್ವ ನನ್ನ ಮನೆಯಲ್ಲಿ ಮೊದಲ ತುತ್ತು ತಿಂದದ್ದು ಮಲ್ಲಿಕಾಳನ್ನು ತೊಟ್ಟಿಲಿಗೆ ಹಾಕಿದ ದಿನ. ಮಲ್ಲಿಕಾಳ ಮದುವೆಯಾಗಿ ಈಗ ಎಂಟು ವರ್ಷ. ಎಂಟು ವರ್ಷದಿಂದ ನಾನು ಆ ಮನೆಗೆ ನನ್ನದೇ ನೀರಿನ ಬಾಟಲಿ ಹಿಡಿದು ಹೋಗಿ ಬರುತ್ತಿದ್ದೇನೆ. ಹೋಟೆಲಿಗೆ ಕರೆದರೂ ಒಲ್ಲೆ ಅನ್ನುತ್ತಿದ್ದೆ. ಅಳಿಯ ಹೇಳಿ ತರಿಸಿದ್ದು ಅಳಿಯನ ಅನ್ನವೇ ತಾನೆ.

ಅಳಿಯ ಅಮರನಾಥ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವವರು. ದಾರಿ ಹುಡುಕುವುದರಲ್ಲಿ ಗಟ್ಟಿಗರು.

"ಅತ್ತಿ, ರಿಂಗ್ ರೋಡಿಗೆ ಒಂದು ಬಫೆ ಆಗ್ಯಾದರಿ, ಪೂರಾ ಶಾಕಾಹಾರಿ. ಅಲ್ಲಿ ಯಾರೂ ಯಾರಿಗೂ ನೀಡಂಗಿಲ್ಲ. ನಿಮ್ಮ ತಾಟು ನೀವ ತಗೊಂಡು, ನಿಮಗ ಬೇಕಾದ್ದು ನೀವ ಹಾಕ್ಕೊಂಡು ಉಣ್ಣೂದು. ನಮ್ಮ ಋಣ ಏನೂ ಬರಂಗಿಲ್ಲ" ಎಂದರು.

ವಿಚಾರ ಮಾಡಿದೆ. ನಿಯಮದಲ್ಲಿ ಎಲ್ಲಿಯೂ ಬಫೆಯ ಉಲ್ಲೇಖವಿಲ್ಲ. ಹೋದೆ.

ಒಳಗೆ ಹೋಗಿ ಕುರ್ಚಿಯ ಮೇಲೆ ಕುಳಿತು ಯಾರಾದರೂ ನೀಡಲು ಬರುತ್ತಾರೆಂದು ಕಾಯುತ್ತಿದ್ದೆ. ಮಲ್ಲಿಕಾ ಎಬ್ಬಿಸಿದಳು. ಸಾಲಿನಲ್ಲಿ ಮುಂದೆ ಸರಿಯುತ್ತ ಅನ್ನದ ಪಾತ್ರೆಯ ಮುಂದೆ ಬಂದಾಗ ಸೌಟು ನನ್ನ ಕೈಗೆ ಬಂತು. ಹಿಂದೆ ನಿಂತಿದ್ದ ಒಬ್ಬ ಹಿರಿಯರ ತಾಟಿನಲ್ಲಿ ಏನೂ ಇರಲಿಲ್ಲ, ಅವರಿಗೆ ಎರಡು ಸೌಟು ಹಾಕಿದೆ. ಅವರ ಹಿಂದೆ ಇಬ್ಬರು ಕಾಲೇಜು ಹುಡುಗಿಯರು, ಅವರಿಗೂ ಹಾಕಿದೆ. "ಪೂರಾ ಉಣ್ಣಬೇಕು, ಚೆಲ್ಲಬಾರದು" ಎಂದೂ ಹೇಳಿದೆ. ಬಿಸಿಯೂಟದ ಕೈ, ಅದಕ್ಕೆ ನಿವೃತ್ತಿ ಗೊತ್ತಿಲ್ಲ. ಎಷ್ಟು ಜನಕ್ಕೆ ನೀಡಿದೆನೋ, ಕಪ್ಪು ಕೋಟಿನ ಮೇಲ್ವಿಚಾರಕ ಓಡಿ ಬಂದ. ಎದೆಯ ಮೇಲೆ ಅಕ್ರಮ್ ಎಂದು ಹೆಸರು ಇತ್ತು.

"ಅಮ್ಮಾ, ನೀವು ಗೆಸ್ಟ್ ಇದ್ದೀರಿ, ಸ್ಟಾಫ್ ಅಲ್ಲರಿ. ಕುಂದರ್ರಿ, ಆರಾಮ್ಸೆ ಉಣ್ರಿ."

ಮಲ್ಲಿಕಾ ತಾಟು ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಯಾವಾಗ ನೋಡಿದ್ದೆನೋ ನೆನಪಿಲ್ಲ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಊಟದ ವಿಷಯ: ರೊಟ್ಟಿಯನ್ನು ಬಿಸ್ಕೀಟಿನಂತೆ ಮುರಿದಿಟ್ಟಿದ್ದರು. ಶೇಂಗಾ ಹಿಂಡಿಯಲ್ಲಿ, ಖಾರದ ಚಟ್ನಿಪುಡಿಯಲ್ಲಿ, ಸಕ್ಕರೆ! ಕಲಬುರಗಿಯಲ್ಲಿ ಕುಳಿತು ಹಿಂಡಿಗೆ ಸಕ್ಕರೆ ಹಾಕುವವರ ಕೈ ಬಿದ್ದುಹೋಗಲಿ.

ಜೂನ್ 13, ಗುರುವಾರ

ಹೊಟ್ಟೆ ಸ್ವಲ್ಪ ಗಡಬಡ. ನಮ್ಮ ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು. ನಾಲ್ಕು ತರಹದ ಸಿಹಿ ಇದ್ದರೆ ನಾಲ್ಕನ್ನೂ ತಿನ್ನಬೇಕೆಂದು ಕಾಯಿದೆ ಇಲ್ಲ ಎಂಬುದು ಇಂದು ತಿಳಿಯಿತು.

ಜೂನ್ 26, ಬುಧವಾರ

ರಕ್ತ ಪರೀಕ್ಷೆ, ಸ್ಕ್ಯಾನಿಂಗ್. ಮಲ್ಲಿಕಾ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದ್ದಳು. ರಿಪೋರ್ಟು ಬರಲು ಹೊತ್ತಿದೆ ಎಂದು ಅವಳ ಮನೆಗೆ ಹೋಗಿ ಕುಳಿತೆವು. ಅವಳು ಒಳಗಿನಿಂದ ತಂಬಿಗೆ ತಂದು ಹಿಡಿದಳು.

"ನೀರರೆ ಕುಡಿ ಅವ್ವ."

"ಬ್ಯಾಡವ್ವ. ಅದಾವ ನನ್ನ ಕಡೆ."

ಇದು ನಮ್ಮಿಬ್ಬರ ಮಾಮೂಲು. ಎಂಟು ವರ್ಷದಲ್ಲಿ ಅವಳು ಕೇಳುವುದನ್ನು ಬಿಟ್ಟಿಲ್ಲ, ನಾನು ಒಲ್ಲೆ ಅನ್ನುವುದನ್ನು ಬಿಟ್ಟಿಲ್ಲ. ತಂಬಿಗೆ ತಿರುಗಿ ಒಳಗೆ ಹೋಯಿತು. ನಾನು ನನ್ನ ಬಾಟಲಿಯಿಂದ ಕುಡಿದೆ. ಬಸ್ಸಿನ ಬಿಸಿಲಿಗೆ ನೀರು ಕಾದಿತ್ತು.

ಆಮೇಲೆ ಬಫೆ. ಈ ಸಲ ಸೌಟಿನಿಂದ ದೂರ ನಿಂತೆ. ಅಕ್ರಮ್ ನನ್ನ ಗುರುತು ಹಿಡಿದು "ಆವೋ ಅಮ್ಮಾ, ಇವತ್ತು ಯಾರಿಗೆ ನೀಡ್ತೀರಿ?" ಎಂದು ಕೇಳಿದ. ಬಾಯಿ ಜೋರು, ಆದರೆ ಹುಡುಗ ಒಳ್ಳೆಯವನು. ಕೋಟೆ ಹತ್ತಿರ ಮನೆಯಂತೆ, ತಾಯಿಗೆ ಮೊಣಕಾಲು ನೋವಂತೆ.

ಒಂದು ಸಂಗತಿ ಬರೆಯಲೇಬೇಕು. ಅಷ್ಟು ದೊಡ್ಡ ಸಾಲಿನಲ್ಲಿ ತಿರುಗಿ ಮಲ್ಲಿಕಾ ತಾಟಿನಲ್ಲಿ ಹಾಕಿಕೊಂಡು ಬಂದದ್ದು ಮೊಸರನ್ನ, ಒಂದು ಹಪ್ಪಳ. ಸಣ್ಣವಳಿದ್ದಾಗ ಮೊಸರು ಕಂಡರೆ ಹಿತ್ತಲಿಗೆ ಓಡುತ್ತಿದ್ದ ಹುಡುಗಿ ಅವಳು.

"ಯಾವಾಗಿಂದ ಮೊಸರು ಉಣ್ಣಾಕತ್ತಿ?" ಎಂದೆ.

"ಲಗ್ನ ಆದಾಗಿಂದ ಅವ್ವ. ನೀ ನೋಡೇ ಇಲ್ಲ."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಹಪ್ಪಳ ಮುರಿಯುತ್ತ ಹೇಳಿದಳು. ಕಮಲಾಪುರಕ್ಕೆ ಬಂದಾಗ ನಾನು ನೀಡಿದ್ದನ್ನು ಉಣ್ಣುತ್ತಾಳೆ. ನಿನಗೆ ಏನು ಬೇಕೆಂದು ನಾನು ಕೇಳಿದ್ದೇನೆಯೇ? ಬಸ್ಸಿನಲ್ಲಿ ಬರುವಾಗ ನೆನಪು ಮಾಡಿಕೊಂಡೆ. ಕೇಳಿಲ್ಲ.

ಜುಲೈ 10, ಬುಧವಾರ

ಡಾಕ್ಟರು ಇವತ್ತು ಬೇಡ ಅಂದರಂತೆ, ಹೋಗಲಿಲ್ಲ. ಬುಧವಾರ ಮನೆಯಲ್ಲಿ ಕುಳಿತರೆ ಏನೋ ತಪ್ಪಿದ ಹಾಗೆ.

ಇವರು ಉಳಿದ ತೊಗರಿಯ ರೇಟು ಕೇಳಲು ಕಲಬುರಗಿಯ ಮಾರುಕಟ್ಟೆ ನೆಹರು ಗಂಜಿಗೆ ಹೋಗಿ ಸಂಜೆ ಬಂದರು. ಬಿಸಿ ರೊಟ್ಟಿ ಮಾಡಿ ಕರೆದರೆ "ಹಸಿವಿಲ್ಲ" ಎಂದರು. ಗಂಜಿಗೆ ಹೋದ ದಿನ ಹಸಿವೇ ಇರುವುದಿಲ್ಲ ಇವರಿಗೆ. ವಯಸ್ಸಾಯಿತು, ಒಮ್ಮೆ ಹೊಟ್ಟೆ ತೋರಿಸಬೇಕು.

ಜುಲೈ 24, ಬುಧವಾರ

ಇಂಜೆಕ್ಷನ್ನು ಶುರುವಾಗಿ ಐದು ದಿನ. ಬಫೆಯಲ್ಲಿ ಕೈ ತೊಳೆಯುವಲ್ಲಿ ನಾವಿಬ್ಬರೇ ಇದ್ದಾಗ ಮಲ್ಲಿಕಾ ಸೀರೆ ಸರಿಸಿ ಹೊಟ್ಟೆ ತೋರಿಸಿದಳು. ಹೊಕ್ಕುಳಿನ ಎರಡೂ ಬದಿಗೆ ನೀಲಿ ಕಲೆ, ಕೆಲವು ಹಸಿರಿಗೆ ತಿರುಗಿದ್ದವು. ನಾನೇ ಎಣ್ಣೆ ಹಚ್ಚಿ ತಿಕ್ಕಿ ಬೆಳೆಸಿದ ಹೊಟ್ಟೆ ಅದು. ನನಗೆ ಅಳು ಬಂತು, ಅವಳ ಮುಂದೆ ಅಳಬಾರದೆಂದು ನಲ್ಲಿ ಜೋರಾಗಿ ತಿರುಗಿಸಿದೆ. ನೀರು ಸಿಡಿದು ಇಬ್ಬರ ಸೀರೆಯೂ ತೊಯ್ದಿತು.

"ಭಾಳ ಬ್ಯಾನಿ ಆಗ್ತಾದೇನು?"

"ರೂಢಿ ಆಗ್ಯಾದ ಅವ್ವ. ಮೂರನೇ ಸಲ ಅಲ್ಲೇನು?"

ಊಟಕ್ಕೆ ಕುಳಿತಾಗ ನಾನು ಮನೆಯಿಂದ ತಂದಿದ್ದ ಹಿಂಡಿಯ ಡಬ್ಬಿ ತೆಗೆದು ಮೂವರ ತಾಟಿಗೂ ಒಂದೊಂದು ಚಮಚ ಹಾಕಿದೆ. ಅಕ್ರಮ್ ಹದ್ದಿನ ಹಾಗೆ ಬಂದ.

"ಅಮ್ಮಾ, ಹೊರಗಿಂದು ಇಲ್ಲಿ ತರಬಾರ್ದರಿ. ಮಾಲಕರು ನೋಡಿದ್ರ ನನ್ನ ನೌಕರಿ ಹೋಗ್ತದ."

"ನಿಮ್ಮ ಹಿಂಡಿಗೆ ಸಕ್ಕರಿ ಹಾಕಿದವರದು ಮೊದಲ ಹೋಗಬೇಕು. ಕೈ ಮುಂದ ಮಾಡು."

ಅಂಗೈಯಲ್ಲಿ ಇಟ್ಟ ಹಿಂಡಿ ನೆಕ್ಕಿ ಅವನು ಅತ್ತಿತ್ತ ನೋಡಿದ. ಡಬ್ಬಿಯನ್ನು ಟಿಶ್ಯೂ ಪೇಪರಿನಡಿ ಮುಚ್ಚಿಟ್ಟು "ಕಾಣಬಾರ್ದು, ಅಷ್ಟೇರಿ" ಎಂದು ಹೋದ. ಮಲ್ಲಿಕಾ ಇವತ್ತು ಮೊಸರನ್ನದ ಜೊತೆ ರೊಟ್ಟಿ ತಿಂದಳು. ನಾನು ಅವಳಿಗಾಗಿ ಎದ್ದು ಹೋಗಿ ಇನ್ನೊಂದು ಬಟ್ಟಲು ಮೊಸರು ತಂದೆ. ತಂದಮೇಲೆ, ಇಲ್ಲಿ ಯಾರೂ ಯಾರಿಗೂ ನೀಡಬಾರದಲ್ಲವೇ ಎಂದು ಅಳಿಯಂದಿರು ನೆನಪಿಸಿದರು. ಅವರಿಗೂ ಒಂದು ಜಾಮೂನು ತಂದುಕೊಟ್ಟೆ, ಸುಮ್ಮನಾದರು.

ಆಗಸ್ಟ್ 7, ಬುಧವಾರ

ಆಯಿತು. ಭ್ರೂಣ ಒಳಗೆ ಇಟ್ಟಿದ್ದಾರೆ. ಹದಿನಾಲ್ಕು ದಿನ ಬಿಟ್ಟು ಪರೀಕ್ಷೆ.

ಮಲ್ಲಿಕಾಳನ್ನು ಮನೆಗೆ ಬಿಟ್ಟು ನಾನು ಅಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿದೆ. ಶ್ರಾವಣದ ಗದ್ದಲ. ಶರಣಬಸಪ್ಪಾ, ಇದೊಂದು ನಡೆಸಿಕೊಡು, ಬೇರೆ ಏನೂ ಕೇಳುವುದಿಲ್ಲ ಎಂದೆ. ಹಿಂದೆ ಬೇರೊಂದು ಹರಕೆಗೆ ಬಂದಾಗಲೂ ಬೇರೆ ಏನೂ ಕೇಳುವುದಿಲ್ಲ ಎಂದಿದ್ದೆ, ಅವನು ಮರೆತಿರಲಿ.

ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಮಗಳ ಮನೆಯಲ್ಲಿ ನನ್ನ ಮೊದಲ ಊಟ ಯಾವುದಾಗಬೇಕು? ಹೋಳಿಗೆ ಬೇಡ, ಅದನ್ನು ಎಲ್ಲರೂ ಮಾಡುತ್ತಾರೆ. ಮಾದಲಿ ಆಗಲಿ. ಮೇಲೆ ತುಪ್ಪ, ಬಿಸಿ ಹಾಲು. ಜೊತೆಗೆ ನಮ್ಮ ತೋಟದ ಕೆಂಪು ಬಾಳೆಹಣ್ಣು. ಮಂಚದ ಪಕ್ಕದಲ್ಲಿ ಕೂಸು ಮಲಗಿರಬೇಕು, ನಾನು ಉಣ್ಣಬೇಕು, ಮಲ್ಲಿಕಾ ನೀಡಬೇಕು. ಈ ಚಿತ್ರ ಎಂಟು ವರ್ಷದಿಂದ ನನ್ನ ಕಣ್ಣಲ್ಲಿದೆ.

ಆಗಸ್ಟ್ 12, ಸೋಮವಾರ

ಒಪ್ಪತ್ತು. ಫೋನು ಬಂದಾಗಲೆಲ್ಲ ಒರೆಸಿಕೊಳ್ಳದ ಕೈಯಲ್ಲೇ ಓಡಿ ಎತ್ತುತ್ತೇನೆ.

ಆಗಸ್ಟ್ 18, ರವಿವಾರ

ಮಲ್ಲಿಕಾ ಫೋನಿನಲ್ಲಿ "ಏನೂ ಅನಸಾಕತ್ತಿಲ್ಲ ಅವ್ವ" ಎಂದಳು. ಅನಿಸದಿದ್ದರೂ ಆಗುತ್ತದೆ, ನನಗೂ ನಿನ್ನ ಹೊತ್ತಾಗ ಅನಿಸಿರಲಿಲ್ಲ ಎಂದೆ. ಸುಳ್ಳು. ನಾನು ಮೊದಲ ವಾರದಿಂದಲೇ ವಾಂತಿ ಮಾಡಿಕೊಂಡವಳು.

ಆಗಸ್ಟ್ 21, ಬುಧವಾರ

ಆಗಲಿಲ್ಲ.

ಡಾಕ್ಟರು ಕಾಗದ ಮುಂದಿಟ್ಟು ಇಂಗ್ಲಿಷಿನಲ್ಲಿ ಏನೋ ಸಮಾಧಾನ ಹೇಳಿದರು. ಮಲ್ಲಿಕಾ ಪೂರ್ತಿ ಕೇಳಿ, ಥ್ಯಾಂಕ್ಸ್ ಹೇಳಿ, ಚಪ್ಪಲಿ ಹಾಕಿಕೊಂಡಳು. ಹೊರಗೆ ಬಂದು ಕಾರಿನಲ್ಲಿ ಕುಳಿತಾಗ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಲಿಲ್ಲ. ಅಮರನಾಥ ಬುಧವಾರದ ರೂಢಿಯಂತೆ ರಿಂಗ್ ರೋಡಿಗೆ ತಿರುಗಿಸಿದರು.

ಇವತ್ತು ಮಲ್ಲಿಕಾ ತಾಟಿನ ತುಂಬ ಹಾಕಿಕೊಂಡಳು. ಪಲಾವು, ಪೂರಿ, ಮೂರು ಪಲ್ಯ, ಸಿಹಿ ಎಲ್ಲ ಒಂದರ ಮೇಲೊಂದು. ತಂದು ಮುಂದಿಟ್ಟುಕೊಂಡು ಒಂದು ಅಗುಳನ್ನೂ ಮುಟ್ಟಲಿಲ್ಲ.

"ಸಾಕವ್ವ" ಎಂದಳು. "ಇನ್ನ ಮ್ಯಾಲ ಇಲ್ಲ. ನಾವಿಬ್ಬರೂ ಮಾತಾಡೀವಿ. ಈ ಸಲ ಆಗಲಿಲ್ಲಂದ್ರ ಬಿಟ್ಟುಬಿಡೂದು ಅಂತ."

ಸುಮ್ಮನಿರಬೇಕಿತ್ತು. ಇರಲಿಲ್ಲ.

"ಹಿಂಗ ಅನಬ್ಯಾಡವ್ವ. ಇನ್ನೊಂದ ಸಲ ನೋಡ್ರಿ. ಬೆಂಗಳೂರಿಗೆ ಹೋಗ್ರಿ."

"ಯಾರ ಸಲುವಾಗಿ ನೋಡಲಿ?"

"ನಿನ್ನ ಸಲುವಾಗಿ. ನನಗೂ ಆಸೆ ಇಲ್ಲೇನು? ಮಗಳ ಮನ್ಯಾಗ ಕುಂತು ಒಂದ ತುತ್ತು ಉಣ್ಣಬೇಕು ಅಂತ ಎಂಟು ವರ್ಷದಿಂದ ಕಾಯಾಕತ್ತೀನಿ."

"ಉಣ್ಣವ್ವ. ನಿನಗ ಯಾರು ಬ್ಯಾಡ ಅಂದಾರ? ಅಪ್ಪಾಜಿ ಗಂಜಿಗೆ ಬಂದಾಗೆಲ್ಲ ನಮ್ಮ ಮನ್ಯಾಗ ಉಣ್ಣಂಗಿಲ್ಲೇನು?"

ಹಸಿವಿಲ್ಲದ ಗಂಜಿನ ದಿನಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ನನ್ನ ಹಿಂದಿನಿಂದ, ಇಷ್ಟು ವರ್ಷ! ಆ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟೆ.

"ಹಂಗಾರ ಅದಕ್ಕ ನೋಡು. ಪದ್ಧತಿ ಮುರದಾರ, ಅದಕ್ಕ ಮೂರು ಸಲನೂ ಹಿಂಗಾತು."

ಮಲ್ಲಿಕಾ ನನ್ನನ್ನು ನೋಡಿದಳು. ಆ ನೋಟ ಬರೆಯಲಿಕ್ಕೆ ನನಗೆ ಬರುವುದಿಲ್ಲ.

ಎಂಟು ವರ್ಷದಲ್ಲಿ ನನ್ನೆದುರು ದನಿ ಏರಿಸದ ಅಮರನಾಥ ಇವತ್ತೂ ಏರಿಸಲಿಲ್ಲ. ಚಮಚ ಕೆಳಗಿಟ್ಟು ಮೆಲ್ಲಗೆ ಹೇಳಿದರು: "ಅತ್ತಿ, ಕೊರತಿ ನನ್ನಾಗ ಅದ ಅಂತ ಡಾಕ್ಟರು ಮೊದಲನೇ ಸಲನ ಹೇಳ್ಯಾರ. ಮಾಮಾ ಉಂಡದ್ದಕ್ಕ ಅಲ್ಲರಿ. ಯಾರಿಗೂ ಹೇಳಬ್ಯಾಡ್ರಿ ಅಂತ ಅಕಿನೇ ಅಂದಿದ್ದಳು."

ಕೊರತೆ ಒಬ್ಬರದು, ಸೂಜಿ ಚುಚ್ಚಿಸಿಕೊಂಡವಳು ಇನ್ನೊಬ್ಬಳು, ಊರ ಜನರ ಮಾತು ಕೇಳಿಸಿಕೊಂಡವಳೂ ಅವಳೇ. ನನಗೂ ಹೇಳಿರಲಿಲ್ಲ. ಮಲ್ಲಿಕಾ ಎದ್ದು ಹೋಗಿ ಕಾರಿನಲ್ಲಿ ಕುಳಿತಳು. ಆ ತುಂಬಿದ ತಾಟು ಹಾಗೇ ಇತ್ತು. ಚೆಲ್ಲಬಾರದೆಂದು ಊರಿಗೆಲ್ಲ ಹೇಳುವ ನಾನು ಅದನ್ನು ನೋಡುತ್ತ ಕುಳಿತೆ. ನನ್ನನ್ನು ಬಸ್ಸಿಗೆ ಅಮರನಾಥ ಹತ್ತಿಸಿದರು. ಅವಳು ಕಾರಿನಿಂದ ಇಳಿಯಲಿಲ್ಲ.

ಆಗಸ್ಟ್ 22, ಗುರುವಾರ

ಇವರನ್ನು ಹಿಡಿದು ಕೇಳಿದೆ. ಅಲ್ಲಗಳೆಯುತ್ತಾರೆ ಅಂದುಕೊಂಡಿದ್ದೆ. ಒಪ್ಪಿಕೊಂಡೇಬಿಟ್ಟರು!

"ಹೌದು, ಆರು ವರ್ಷದಿಂದ ಉಣ್ಣಾಕತ್ತೀನಿ."

"ಯಾಕ?"

"ಯಾಕಂದ್ರ? ತೊಗರಿ ಹಾಕಾಕ ಹೋಗಿದ್ದೆ, ಹಸಿವಿ ಆಗಿತ್ತು. ಮಗಳು ಉಣ್ರಿ ಅಂದಳು. ಉಂಡೆ."

"ಮತ್ತ ಪದ್ಧತಿ?"

"ಪದ್ಧತಿ ನಿಮ್ಮವ್ವಂದು. ಹಸಿವಿ ನಂದು."

ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಇಂಥವರ ಜೊತೆ ಮೂವತ್ತೇಳು ವರ್ಷ ಬಾಳಿದ್ದೇನೆ. ಇನ್ನು ಮಾತಿಲ್ಲ ಇವರ ಜೊತೆ. ತಾಟು ಮುಂದಿಟ್ಟು ಹೋಗುತ್ತೇನೆ, ಬೇಕಾದ್ದು ಅವರೇ ಹಾಕಿಕೊಂಡು ಉಣ್ಣಲಿ.

ಸೆಪ್ಟೆಂಬರ್ 2, ಸೋಮವಾರ

ಏನೂ ಇಲ್ಲ.

ಸೆಪ್ಟೆಂಬರ್ 7, ಶನಿವಾರ, ಗಣೇಶ ಚೌತಿ

ಅವರಿಬ್ಬರೂ ಬರಲಿಲ್ಲ. ಪ್ರತಿ ವರ್ಷ ಬರುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಬಹಳವಂತೆ ಎಂದು ಅಮರನಾಥ ಇವರಿಗೆ ಫೋನು ಮಾಡಿದ್ದರು. ಚೌತಿಗೆ ಯಾವ ಬ್ಯಾಂಕು ತೆರೆದಿರುತ್ತದೆ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಷ್ಟು ಮಕ್ಕಳ ಪಾಟಿಯ ಮೇಲೆ ಬರೆಸಿದ್ದೇನೆ. ಬರೆಸಿದವಳಿಗೇ ಹತ್ತಲಿಲ್ಲ. ಮಾಡಿದ ಕಡುಬು ಉಳಿಯಿತು. ಇವರು ಎರಡು ತಿಂದರು, ಮಿಕ್ಕದ್ದು ಪಕ್ಕದ ಮನೆಯ ಮಕ್ಕಳಿಗೆ ಹೋಯಿತು.

ಸೆಪ್ಟೆಂಬರ್ 15, ರವಿವಾರ

ನಾನೇ ಫೋನು ಮಾಡಿದೆ. ಎತ್ತಿದಳು.

"ಛಲೋ ಇದ್ದೀನಿ ಅವ್ವ. ನೀ ಛಲೋ ಇದ್ದೀ? ಮಳಿ ಹೆಂಗದ ಆ ಕಡೆ? ತೊಗರಿ ಹೆಂಗದ?"

ಎಲ್ಲ ಕೇಳಿದಳು, ಎಲ್ಲದಕ್ಕೂ ಉತ್ತರ ಹೇಳಿದಳು. ಬ್ಯಾಂಕಿನ ಕಿಟಕಿಯ ಆ ಕಡೆ ಕುಳಿತು ಮಾತಾಡಿದ ಹಾಗೆ. ಸಿಟ್ಟಾಗಿದ್ದರೆ ನಾನೂ ಸಿಟ್ಟಾಗಿ ಜಗಳ ತೀರಿಸುತ್ತಿದ್ದೆ. ಇಷ್ಟು ಚೆನ್ನಾಗಿ ಮಾತಾಡಿದರೆ ಏನು ಮಾಡಲಿ? ನನ್ನ ಮಗಳು ನನಗೆ ಬೇಕು. ಮೊಮ್ಮಗು ಬರಲಿ ಬಿಡಲಿ, ಅವಳು ಬೇಕು. ಇದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 22, ರವಿವಾರ

ಬೆಳಗ್ಗೆ ಎದ್ದು, ಕನ್ನಡಕ ತೋರಿಸಿಕೊಂಡು ಬರುತ್ತೇನೆ ಎಂದು ಇವರ ಕಡೆ ನೋಡದೆ ಗೋಡೆಗೆ ಹೇಳಿ ಹೊರಟೆ. ರವಿವಾರ ಕನ್ನಡಕದ ಅಂಗಡಿ ಮುಚ್ಚಿರುತ್ತದೆಂದು ಇವರಿಗೂ ಗೊತ್ತು. ಬಾಗಿಲ ತನಕ ಬಂದು ಕೊಡೆ ಕೊಟ್ಟರು.

ಬಸ್ಸಿನಲ್ಲಿ ಮಲ್ಲಿಕಾಳಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. ಭಾಷಣ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿದಂತೆ ಮೊದಲು ಇದು, ಆಮೇಲೆ ಅದು. ಊರು ಹತ್ತಿರ ಬಂದಂತೆ ಒಂದೊಂದೇ ಸಾಲು ಮರೆಯುತ್ತ ಹೋಯಿತು. ಧೈರ್ಯ ಸಾಲದೆ ರಿಂಗ್ ರೋಡಿಗೇ ಇಳಿದುಬಿಟ್ಟೆ. ಮೊದಲು ಊಟ ಮಾಡೋಣ, ಆಮೇಲೆ ನೋಡೋಣ ಎಂದುಕೊಂಡೆ.

ಬಫೆಯಲ್ಲಿ ರವಿವಾ‍ರದ ಗದ್ದಲ. ಅಕ್ರಮ್ ದೂರದಿಂದಲೇ ನೋಡಿ ಮೂರು ಕುರ್ಚಿಯ ಮೇಜು ಒರೆಸಿದ.

"ಭಾಳ ದಿನಕ್ಕ ಬಂದ್ರಿ ಅಮ್ಮಾ. ಮಗಳು, ದಾಮಾದ್‌ಸಾಬ್ ಹಿಂದ ಬರಾಕತ್ತಾರೇನ್ರಿ?"

ಹೂಂ ಎಂದೆನೋ ಊಹೂಂ ಎಂದೆನೋ. ತಾಟು ತೆಗೆದುಕೊಂಡು ಸಾಲಿನಲ್ಲಿ ನಿಂತೆ. ಮುಂದೊಂದು ಹುಡುಗಿ ತನ್ನ ತಾಯಿಯ ತಾಟಿಗೆ ಏನೇನೋ ಹಾಕುತ್ತಿದ್ದಳು, ತಾಯಿ ಸಾಕು ಸಾಕು ಅನ್ನುತ್ತ ತಾಟು ಮಾತ್ರ ಹಿಂದೆ ಎಳೆದುಕೊಳ್ಳುತ್ತಿರಲಿಲ್ಲ. ಅವರನ್ನು ನೋಡುತ್ತ ಎರಡು ಹೆಜ್ಜೆ ಸರಿದೆ, ನಿಂತೆ. ಖಾಲಿ ತಾಟನ್ನು ಇದ್ದಲ್ಲಿಯೇ ಇಟ್ಟು ಹೊರಗೆ ಬಂದೆ. ಅಕ್ರಮ್ ಬಾಗಿಲಿಗೆ ಓಡಿ ಬಂದ.

"ಯಾಕ್ರಿ ಅಮ್ಮಾ, ಊಟ ಮಾಡ್ಲಾರ್ದ ಹೊಂಟ್ರಿ? ಏನರೆ ತಪ್ಪಾತೇನ್ರಿ?"

"ನಿಮ್ಮದೇನೂ ತಪ್ಪಿಲ್ಲಪ್ಪ. ಇವತ್ತ ನನ್ನ ಊಟ ಬ್ಯಾರೆ ಕಡೆ ಅದ."

ಆ ಮಾತು ಎಲ್ಲಿಂದ ಬಂತೋ. ಆಟೋದಲ್ಲಿ ಕುಳಿತು ಜೇವರ್ಗಿ ಕಾಲೋನಿ ಎಂದೆ.

ಬಾಗಿಲು ತೆರೆದದ್ದು ಅಮರನಾಥ. ಎಡಗೈಯಲ್ಲಿ ತೆರೆದರು, ಬಲಗೈ ಎಂಜಲು. "ಬರ್ರಿ ಅತ್ತಿ, ಬರ್ರಿ" ಎಂದು ಒಂದು ಕಡೆ ಸರಿದು ನಿಂತರು. ಮೇಜಿನ ಹತ್ತಿರ ಮಲ್ಲಿಕಾ ಉಣ್ಣುತ್ತಿದ್ದಳು. ಸೊರಗಿದ್ದಾಳೆ.

"ಬಾ ಅವ್ವ. ಕುಂದ್ರು."

ಅಷ್ಟೇ. ಕಿಟಕಿಯ ಪಕ್ಕ ನಾನು ಯಾವಾಗಲೂ ಕೂಡುವ ಕುರ್ಚಿಯನ್ನು ಎಡಗೈಯಿಂದ ಎಳೆದಿಟ್ಟಳು, ತಿರುಗಿ ಹೋಗಿ ಊಟಕ್ಕೆ ಕುಳಿತಳು. ತಂಬಿಗೆ ತರಲಿಲ್ಲ. ನೀರರೆ ಕುಡಿ ಅನ್ನಲಿಲ್ಲ. ನಾನು ಅವಳು ಕೇಳಲಿ ಎಂದು ಕಾಯ್ದೆ. ಫ್ಯಾನು ತಿರುಗುತ್ತಿತ್ತು, ಅಮರನಾಥ ಮಳೆಯ ಮಾತು ತೆಗೆದರು. ಅವಳು ರೊಟ್ಟಿ ಮುರಿದು ಪಲ್ಯ ಹಚ್ಚಿ ತಿನ್ನುತ್ತಿದ್ದಳು. ಎಂಟು ವರ್ಷ ಅವಳು ಕೇಳಿದಾಗ ಒಲ್ಲೆ ಅನ್ನುವುದು ನನಗೆ ಎಷ್ಟು ಸುಲಭವಿತ್ತು! ಕೇಳದೆ ಇದ್ದಾಗ ಅವಳ ಮನೆಯಲ್ಲಿ ನಾನು ಯಾರೂ ಅಲ್ಲದವಳ ಹಾಗೆ ಕುಳಿತಿದ್ದೆ. ಬಾಯಿಪಾಠ ಮಾಡಿದ್ದ ಒಂದು ಸಾಲೂ ನೆನಪಿಗೆ ಬರಲಿಲ್ಲ. ಹಸಿವು ಮಾತ್ರ ಜೋರಾಗಿತ್ತು.

ಎದ್ದು ಅಡುಗೆಮನೆಗೆ ಹೋದೆ. ಅವಳ ಅಡುಗೆಮನೆಯ ಒಳಗೆ ನಾನು ಕಾಲಿಟ್ಟದ್ದೂ ಇದೇ ಮೊದಲು. ಚೊಕ್ಕಟವಾಗಿ ಇಟ್ಟಿದ್ದಾಳೆ. ಸ್ಟ್ಯಾಂಡಿನಿಂದ ಒಂದು ತಾಟು ತೆಗೆದುಕೊಂಡೆ. ಬುಟ್ಟಿಯಲ್ಲಿ ರೊಟ್ಟಿ ಇದ್ದವು, ಒಂದು ಹಾಕಿಕೊಂಡೆ. ಬದನೆಕಾಯಿ ಎಣಗಾಯಿ ಇತ್ತು, ಬೇಳೆ ಇತ್ತು, ಎರಡನ್ನೂ ಹಾಕಿಕೊಂಡೆ. ತಂದು ಮೇಜಿನ ಮೇಲೆ, ಅವರಿಬ್ಬರ ನಡುವೆ ಇಟ್ಟು ಕುಳಿತು ಉಣ್ಣತೊಡಗಿದೆ.

ಇಬ್ಬರ ಕೈಯೂ ನಿಂತುಹೋಯಿತು. ನಾನು ತಲೆ ಎತ್ತಲಿಲ್ಲ. ತಲೆ ಎತ್ತಿದ್ದರೆ ಅತ್ತುಬಿಡುತ್ತಿದ್ದೆ, ಅಳುತ್ತ ರೊಟ್ಟಿ ತಿಂದರೆ ನೆತ್ತಿಗೆ ಹತ್ತುತ್ತದೆ. ಬದನೆಕಾಯಿ ಚೆನ್ನಾಗಿ ಬೆಂದಿತ್ತು. ಶೇಂಗಾ, ಎಳ್ಳು, ಹುಳಿ ಎಲ್ಲ ನಾನು ಹಾಕುವ ಅಳತೆಯೇ. ಯಾರು ಕಲಿಸಿದರೋ, ನಾನಂತೂ ಕೂಡಿಸಿಕೊಂಡು ಕಲಿಸಿಲ್ಲ. ಲೋಟ ಎತ್ತಿ ನೀರನ್ನೂ ಕುಡಿದೆ. ಅದು ಅಮರನಾಥರ ಲೋಟ ಎಂದು ಕುಡಿದ ಮೇಲೆ ಗೊತ್ತಾಯಿತು.

ಒಂದು ರೊಟ್ಟಿ ಮುಗಿಸಿದೆ. ಆಮೇಲೆ ಮಲ್ಲಿಕಾಳ ದನಿ ಕೇಳಿತು.

"ಇನ್ನೊಂದ ರೊಟ್ಟಿ ಹಾಕಲೇನವ್ವ?"

"ಹಾಕು."

ಹಾಕಿದಳು.

"ಬ್ಯಾಳಿ?"

"ಅದೂ ಹಾಕು."

ಅವಳು ನೀಡುತ್ತ ಹೋದಳು, ನಾನು ಸಾಕು ಅನ್ನಲಿಲ್ಲ. ಅನ್ನ ಹಾಕಿದಳು, ಮೊಸರು ಹಾಕಿದಳು. ನನ್ನ ತಾಟಿಗೆ ಹಾಕಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು, ಹುಬ್ಬಿಗೆ ಮೊಸರು ಹತ್ತಿತು. ಅಮರನಾಥ ಲೋಟ ತರುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ. ನಾನು ಸೆರಗಿನಿಂದ ಅವಳ ಹುಬ್ಬು ಒರೆಸಿದೆ.

"ತಪ್ಪಾತವ್ವ, ಅವತ್ತ ನಾ ಅಂದದ್ದು" ಎಂದೆ. ಬಾಯಿಪಾಠ ಮಾಡಿದ್ದು ಇದಕ್ಕಿಂತ ಉದ್ದವಿತ್ತು.

"ಉಣ್ಣು ಮೊದಲ" ಎಂದಳು. ಥೇಟ್ ನನ್ನ ಹಾಗೆ ಗದರಿಸುತ್ತಾಳೆ.

ಕಡೆಯ ಬಸ್ಸಿಗೆ ಬಂದೆ. ಇವರು ಅಂಗಳದ ದೀಪ ಹಾಕಿಕೊಂಡು ಕುಳಿತಿದ್ದರು. ಒಳಗೆ ರೊಟ್ಟಿ ಬಡಿಯುವ ತಯಾರಿ ಏನೂ ಕಾಣದೆ ನನ್ನ ಮುಖ ನೋಡಿದರು.

"ನಿನ್ನ ಊಟ?" ಎಂದರು.

"ಮಗಳ ಮನ್ಯಾಗ ಆತು" ಎಂದೆ. ನಿಮಗ ಈಗ ಎರಡು ರೊಟ್ಟಿ ಬಡಿತೀನಿ ಎಂದು ಒಲೆಯ ಕಡೆ ಹೋದೆ.

ಇವರು ಹಿಂದೆಯೇ ಎದ್ದು ಬಂದು ಬಾಗಿಲಿಗೆ ಒರಗಿ ನಿಂತರು. ಪದ್ಧತಿಯ ಮಾತು ಎತ್ತಲಿಲ್ಲ.

"ಏನ ಮಾಡಿದ್ಳು?"

ರೊಟ್ಟಿ, ಎಣಗಾಯಿ, ಬೇಳೆ, ಅನ್ನ, ಮೊಸರು, ಕಡೆಗೆ ಕೊಟ್ಟ ಅಡಿಕೆಯ ತನಕ ಎಲ್ಲ ಹೇಳಿದೆ. ಇವರು ಬಾಯಿ ಚಪ್ಪರಿಸುತ್ತ ಪೂರ್ತಿ ಕೇಳಿದರು.

"ರುಚಿ ಇತ್ತೇನು?"

"ಬ್ಯಾಳಿಗೆ ಉಪ್ಪು ಒಂಚೂರು ಕಡಿಮಿ ಬಿದ್ದಿತ್ತು" ಎಂದೆ. "ಎರಡ ಸಲ ಹಾಕಿಸ್ಕೊಂಡೆ."